ವಿದೇಶದಿಂದ ಎಲೆಕ್ಟ್ರಾನಿಕ್ ವಸ್ತು ತರಿಸುವ ಬಗೆ: ಕೊಡಗಿನ ವಿಳಾಸಕ್ಕೆ ಒಂದು ಸಮಗ್ರ ಮಾರ್ಗದರ್ಶಿ

ಸಿದ್ದಾಪುರದ ಬಳಿಯ ನಮ್ಮ ತೋಟಕ್ಕೆ ವಿದೇಶದಿಂದ ನೇರವಾಗಿ ಬಂದ ಮೊದಲ ವಸ್ತು, ಕಾಫಿಯ ತೇವಾಂಶ ಅಳೆಯುವ ಅಂಗೈಯಗಲದ ಒಂದು ಮೀಟರ್. ಕಣದಲ್ಲಿ ಒಣಗಿಸಿದ ಚೆರ್ರಿಯನ್ನು, ಅಂದರೆ ಸಿಪ್ಪೆಸಹಿತ ಕಾಫಿ ಹಣ್ಣನ್ನು, ಕೈಯಲ್ಲಿ ಹಿಡಿದು ವ್ಯಾಪಾರಿಯು ‘ಮಾಯಿಶ್ಚರ್ ಜಾಸ್ತಿಯಿದೆ’ ಎಂದು ಹೇಳಿದಾಗ ಅದನ್ನು ಒಪ್ಪಲು ಅಥವಾ ಅಲ್ಲಗಳೆಯಲು ನಮ್ಮ ಕೈಯಲ್ಲೂ ಒಂದು ಅಳತೆ ಇರಲಿ ಎಂಬುದು ಉದ್ದೇಶವಾಗಿತ್ತು. ಮಾರಾಟಗಾರರ ಪುಟದಲ್ಲಿ ಅದು ಅಗ್ಗವಾಗಿ ಕಂಡಿತ್ತು. ಸಾಗಣೆ, ಸುಂಕ, ಕೊರಿಯರ್‌ನವರ ಶುಲ್ಕ ಎಲ್ಲವೂ ಸೇರಿ ಕೈಗೆ ಬರುವಷ್ಟರಲ್ಲಿ ಬೆಲೆ ಒಂದೂಮುಕ್ಕಾಲು ಪಟ್ಟಾಗಿತ್ತು. ಪೊಟ್ಟಣವಾದರೋ ಉತ್ತರ ಕನ್ನಡದ ಸಿದ್ದಾಪುರವನ್ನು ನೋಡಿಕೊಂಡು ಬಂದಿತ್ತು.

ಅಂದಿನಿಂದ ಹಲವು ಬಾರಿ ತರಿಸಿದ್ದೇನೆ, ಕೆಲವು ಬಾರಿ ಕೈಸುಟ್ಟುಕೊಂಡಿದ್ದೇನೆ, ನೆಂಟರಿಷ್ಟರಿಗೂ ತರಿಸಿಕೊಟ್ಟಿದ್ದೇನೆ. ನಾವು ಸಾಮಾನ್ಯವಾಗಿ ಬೆಲೆಯಿಂದ ಆರಂಭಿಸಿ, ಹಣ ಕೊಟ್ಟಾದ ಮೇಲೆ ಕಾನೂನು, ವೋಲ್ಟೇಜ್, ವಿಳಾಸಗಳ ಬಗ್ಗೆ ಯೋಚಿಸುತ್ತೇವೆ. ಈ ಕ್ರಮವನ್ನು ತಿರುಗಿಸಬೇಕು. ವಸ್ತು ದೇಶದೊಳಗೆ ಬರಬಹುದೇ, ಬಂದರೆ ನಮ್ಮ ಮನೆಯಲ್ಲಿ ಕೆಲಸ ಮಾಡುತ್ತದೆಯೇ, ನಮ್ಮ ವಿಳಾಸಕ್ಕೆ ತಲುಪುತ್ತದೆಯೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲಷ್ಟೇ ಬೆಲೆಯ ಮಾತು.

ಮೊದಲ ಹೆಜ್ಜೆ: ವಸ್ತು ಒಳಗೆ ಬರಬಹುದೇ ಎಂದು ನೋಡುವುದು

ತೋಟದವರು ಮೊದಲು ಆಸೆಪಡುವುದು ಡ್ರೋನ್ ಮೇಲೆ. ಅದನ್ನು ಮರೆತುಬಿಡುವುದು ಒಳಿತು. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯವು 2022ರ ಫೆಬ್ರುವರಿ 9ರ ಅಧಿಸೂಚನೆಯ ಮೂಲಕ ಡ್ರೋನ್‌ಗಳ ಆಮದನ್ನು ನಿಷೇಧಿಸಿದೆ. ಪೂರ್ಣ ರೂಪದಲ್ಲಾಗಲಿ, ಬಿಡಿಬಿಡಿಯಾಗಿ ಕಳುಹಿಸಿ ಇಲ್ಲಿ ಜೋಡಿಸುವ ಕಿಟ್ ರೂಪದಲ್ಲಾಗಲಿ ತರುವಂತಿಲ್ಲ. ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಉದ್ದೇಶಗಳಿಗೆ ಮಾತ್ರ ವಿನಾಯಿತಿಯಿದ್ದು, ಮೆಣಸಿನ ಬಳ್ಳಿಯ ಮೇಲಿನಿಂದ ಫೋಟೋ ತೆಗೆಯುವುದು ಅದರಲ್ಲಿ ಸೇರುವುದಿಲ್ಲ. ಪೂರ್ತಿ ಕಿಟ್ ಅಲ್ಲದ ಬಿಡಿಭಾಗಗಳಿಗೆ ಮಾತ್ರ ಈ ನಿಷೇಧವಿಲ್ಲ.

ಎರಡನೆಯದು ಸಿಗ್ನಲ್ ಬೂಸ್ಟರ್. ಫೋನ್ ಹಿಡಿದು ಜಗಲಿಯ ಒಂದೇ ಮೂಲೆಯಲ್ಲಿ ನಿಂತು ಮಾತಾಡುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿವೆ ಎಂದು ಬರೆದು ತಿಳಿಸಬೇಕಾಗಿಲ್ಲ, ಆದ್ದರಿಂದಲೇ ಈ ಪೆಟ್ಟಿಗೆಯ ಜಾಹೀರಾತು ನಮ್ಮನ್ನು ಬೇಗ ಸೆಳೆಯುತ್ತದೆ. ಮೊಬೈಲ್ ಸಿಗ್ನಲ್ ರಿಪೀಟರ್ ಅಥವಾ ಬೂಸ್ಟರ್‌ಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಕೊಳ್ಳುವುದೂ ಅಳವಡಿಸುವುದೂ ಕಾನೂನುಬಾಹಿರ. ಅದು ಪಕ್ಕದ ತೋಟದವರ ಸಿಗ್ನಲ್ ಅನ್ನೂ ಕೆಡಿಸುತ್ತದೆ. ಮನೆಗೆ ಫೈಬರ್ ಸಂಪರ್ಕವಿದ್ದರೆ ಫೋನಿನಲ್ಲಿ ವೈಫೈ ಕರೆಯ ಸೌಲಭ್ಯವನ್ನು ಆನ್ ಮಾಡಿಕೊಳ್ಳುವುದು ಖರ್ಚಿಲ್ಲದ ಪರಿಹಾರ. ಸ್ಯಾಟಲೈಟ್ ಫೋನ್ ಮತ್ತು ಚಾರಣಿಗರು ಒಯ್ಯುವ ಉಪಗ್ರಹ ಸಂದೇಶ ಸಾಧನಗಳಿಗೂ ಅನುಮತಿ ಬೇಕು. ಬ್ರಹ್ಮಗಿರಿಗೋ ತಡಿಯಂಡಮೋಳಿಗೋ ಹೋಗುವವರಿಗೆಂದು ಅವನ್ನು ಉಡುಗೊರೆಯಾಗಿ ತರಿಸಲು ಹೋಗಬೇಡಿ. ಇ-ಸಿಗರೇಟಿಗೆ 2019ರಿಂದ ಪೂರ್ಣ ನಿಷೇಧವಿದೆ.

ಲ್ಯಾಪ್‌ಟಾಪ್ ಮತ್ತು ಟ್ಯಾಬ್ಲೆಟ್‌ಗಳ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. 2023ರ ಆಗಸ್ಟ್ 3ರಂದು ಇವುಗಳ ಆಮದನ್ನು ‘ನಿರ್ಬಂಧಿತ’ ವರ್ಗಕ್ಕೆ ಸೇರಿಸಿದಾಗ ಬಾಗಿಲು ಮುಚ್ಚಿತೆಂದು ಹಲವರು ಭಾವಿಸಿದರು. ಅದೇ ಅಧಿಸೂಚನೆಯು ಇ-ವಾಣಿಜ್ಯ ತಾಣದಿಂದ ಅಂಚೆ ಅಥವಾ ಕೊರಿಯರ್ ಮೂಲಕ ಒಂದು ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಅಥವಾ ಅಂಥದೇ ಒಂದು ಸಣ್ಣ ಕಂಪ್ಯೂಟರನ್ನು ಸುಂಕ ಕಟ್ಟಿ ಪರವಾನಗಿಯಿಲ್ಲದೆ ತರಿಸಿಕೊಳ್ಳಲು ಅವಕಾಶ ಕೊಟ್ಟಿದೆ. ಒಂದು ಎಂದರೆ ಒಂದೇ. ಮಕ್ಕಳಿಬ್ಬರಿಗೂ ಒಟ್ಟಿಗೆ ತರಿಸುವ ಆಲೋಚನೆ ಬೇಡ.

ಪವರ್ ಬ್ಯಾಂಕ್, ಅಡಾಪ್ಟರ್, ಮೊಬೈಲ್, ಎಲ್‌ಇಡಿ ದೀಪ ಮುಂತಾದ ಬಹಳಷ್ಟು ವಸ್ತುಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಪಟ್ಟಿಯಲ್ಲಿವೆ. ಈ ವ್ಯವಸ್ಥೆ 2012ರ ಆದೇಶದಿಂದ ಆರಂಭವಾಗಿ ಪಟ್ಟಿ ಬೆಳೆಯುತ್ತಲೇ ಬಂದಿದೆ. ನೋಂದಣಿ ಸಂಖ್ಯೆಯಿಲ್ಲದ ವಸ್ತುವನ್ನು ಕಸ್ಟಮ್ಸ್ ತಡೆದಿಟ್ಟರೆ ಅಲ್ಲಿ ವಾದಿಸಿ ಫಲವಿಲ್ಲ. ಈ ಗುಂಪಿನ ಸಾಮಾನ್ಯ ವಸ್ತುಗಳೆಲ್ಲ ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪದ ಅಂಗಡಿಗಳಲ್ಲೇ ಸಿಗುವಾಗ ಅವನ್ನು ಹೊರಗಿನಿಂದ ತರಿಸುವುದು ನನ್ನ ಮಟ್ಟಿಗೆ ಅರ್ಥವಿಲ್ಲದ ಸಾಹಸ.

ಇನ್ನು ರೇಡಿಯೋ ತರಂಗ ಬಳಸುವ ಸಾಧನಗಳು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಕೊಡಗಿನವರು ವಿದೇಶದಿಂದ ತರಿಸಲು ಬಯಸುವ ವಸ್ತುಗಳಲ್ಲಿ ಹವಾಮಾನ ಕೇಂದ್ರ ಮೊದಲ ಸಾಲಿನಲ್ಲಿದೆ. ಮಳೆಯನ್ನು ಇಂದಿಗೂ ಇಂಚು-ಸೆಂಟುಗಳಲ್ಲಿ ಲೆಕ್ಕ ಹಾಕಿ, ಅಜ್ಜನ ಕಾಲದ ಡೈರಿಯ ಜೊತೆ ಹೋಲಿಸಿ ನೋಡುವ ಮನೆಗಳಿಗೆ, ಇಂಚಿನ ನೂರನೇ ಒಂದು ಭಾಗವನ್ನು, ಅಂದರೆ ಒಂದು ಸೆಂಟನ್ನು, ತಾನೇ ಎಣಿಸಿ ಪರದೆಯ ಮೇಲೆ ತೋರಿಸುವ ಯಂತ್ರ ಇಷ್ಟವಾಗದಿದ್ದರೆ ಆಶ್ಚರ್ಯ. ಅಂಗಳದ ಮಳೆಮಾಪಕವು ಮನೆಯೊಳಗಿನ ಪರದೆಗೆ ರೇಡಿಯೋ ಮೂಲಕ ಸಂಕೇತ ಕಳುಹಿಸುತ್ತದೆ. ಅಮೆರಿಕದಲ್ಲಿ ಮಾರುವ ಮಾದರಿಗಳು ಬಹುಪಾಲು 915 ಮೆಗಾಹರ್ಟ್ಜ್ ಆವರ್ತನದಲ್ಲಿ ಕೆಲಸ ಮಾಡುತ್ತವೆ. ಭಾರತದಲ್ಲಿ ಅದು ಪರವಾನಗಿ ಇಲ್ಲದೆ ಬಳಸುವಂಥದ್ದಲ್ಲ. ನಮ್ಮಲ್ಲಿ ಕಡಿಮೆ ಶಕ್ತಿಯ ಸಾಧನಗಳಿಗೆ ಬಿಟ್ಟಿರುವ ಆವರ್ತನ ಪಟ್ಟಿ 865ರಿಂದ 868 ಮೆಗಾಹರ್ಟ್ಜ್. ಯುರೋಪಿನ ‘868’ ಮಾದರಿ ಸರಿಹೋಗುತ್ತದೆಂದು ಕೊಂಡವರೂ ವಿವರಪತ್ರ ತೆರೆದು ನೋಡಬೇಕು, ಏಕೆಂದರೆ ನಿಖರ ಆವರ್ತನ 868.3 ಎಂದಿದ್ದರೆ ಅದು ನಮ್ಮ ಪಟ್ಟಿಯ ಅಂಚಿನಿಂದ ಸ್ವಲ್ಪ ಹೊರಗೇ ಬೀಳುತ್ತದೆ. ಇದಲ್ಲದೆ ಪರವಾನಗಿ ಬೇಡದ ಪಟ್ಟಿಯಲ್ಲಿ ಕೆಲಸ ಮಾಡುವ ಸಾಧನಕ್ಕೂ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗದ ಮಾದರಿ ಅನುಮೋದನೆ ಇರಬೇಕಾಗುತ್ತದೆ. ಆದ್ದರಿಂದ ರೇಡಿಯೋ ಇರುವ ಯಂತ್ರವನ್ನು ಭಾರತದಲ್ಲಿ ಅಧಿಕೃತವಾಗಿ ಮಾರುವವರಿಂದಲೇ ಕೊಳ್ಳಿ, ಹೊರಗಿನಿಂದ ತರಿಸುವುದಾದರೆ ತಂತಿಯ ಮೂಲಕ ಕೆಲಸ ಮಾಡುವ ಮಾದರಿಯನ್ನು ಆರಿಸಿ ಎಂಬುದೇ ನನ್ನ ಸಲಹೆ. ನಮ್ಮ ಕಣದ ಪಕ್ಕದಲ್ಲಿ ನಿಂತಿರುವುದು ತಂತಿಯದ್ದೇ. ಒಮ್ಮೆ ಇಲಿ ಕಡಿದದ್ದನ್ನು ಬಿಟ್ಟರೆ ಅದರಿಂದ ತೊಂದರೆಯಾಗಿಲ್ಲ.

ಬ್ಯಾಟರಿಯ ನಿಯಮ ವಿಮಾನದವರದ್ದು. ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಸಾಗಿಸುವುದನ್ನು 2016ರ ಏಪ್ರಿಲ್ 1ರಿಂದ ನಿಷೇಧಿಸಲಾಗಿದೆ. ಸಾಧನದೊಳಗೇ ಕೂತಿರುವ ಬ್ಯಾಟರಿಗೆ ನಿಯಮ ಸಡಿಲ. ಅಂಥ ಪೊಟ್ಟಣದ ಮೇಲೆ ಯುಎನ್ 3481 ಎಂಬ ಸಂಖ್ಯೆ ಇರುತ್ತದೆ. ಹಳೆಯ ಕ್ಯಾಮೆರಾಗೆ ಬಿಡಿ ಬ್ಯಾಟರಿ ತರಿಸುವುದಕ್ಕಿಂತ ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುವ ಸಾಧನವನ್ನೇ ಆರಿಸುವುದು ಸುಲಭದ ದಾರಿ. ನಮ್ಮ ತೇವಾಂಶದ ಮೀಟರ್ ಬ್ಯಾಟರಿಯಿಲ್ಲದೆ ಬಂದಿತ್ತು. ಸೆಲ್ ಅನ್ನು ಸಿದ್ದಾಪುರದ ಅಂಗಡಿಯಲ್ಲಿ ಕೊಂಡು ಹಾಕಿದೆ.

ಎರಡನೆಯ ಹೆಜ್ಜೆ: ನಮ್ಮ ಮನೆಯಲ್ಲಿ ಕೆಲಸ ಮಾಡುತ್ತದೆಯೇ ಎಂದು ನೋಡುವುದು

ನಮ್ಮ ವಿದ್ಯುತ್ತು 230 ವೋಲ್ಟ್, 50 ಹರ್ಟ್ಜ್. ಅಮೆರಿಕದ್ದು 120 ವೋಲ್ಟ್, 60 ಹರ್ಟ್ಜ್. ಜಪಾನಿನದು 100 ವೋಲ್ಟ್. ಅಡಾಪ್ಟರಿನ ಮೇಲೆ ‘ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಜ್’ ಎಂದು ಮುದ್ರಿಸಿದ್ದರೆ ಬೇಕಾಗುವುದು ಪ್ಲಗ್ ಬದಲಿಸುವ ಒಂದು ಸಣ್ಣ ತುಂಡು ಮಾತ್ರ. ಮಾರಾಟಗಾರರ ಪುಟದಲ್ಲಿ ಅಡಾಪ್ಟರಿನ ಫೋಟೋ ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಿ. ‘ಯೂನಿವರ್ಸಲ್’ ಎಂಬ ಒಂದೇ ಪದವನ್ನು ನಂಬಬೇಡಿ.

ಕಾಫಿಯ ನಾಡಿನಲ್ಲಿ ಈ ಎಚ್ಚರಿಕೆಗೆ ವಿಶೇಷ ಅರ್ಥವಿದೆ. ಈಗೀಗ ತಮ್ಮ ತೋಟದ ಬೀಜವನ್ನು ತಾವೇ ಹುರಿದು ಹೋಂಸ್ಟೇ ಅತಿಥಿಗಳಿಗೆ ಕೊಡುವವರು ಹೆಚ್ಚಾಗಿದ್ದಾರೆ; ಅವರಿಗೆ ಸಣ್ಣ ರೋಸ್ಟರ್, ಗ್ರೈಂಡರ್‌ಗಳನ್ನು ಹೊರಗಿನಿಂದ ತರಿಸುವ ಉತ್ಸಾಹವಿದೆ. 120 ವೋಲ್ಟಿನ ಕಾಯಿಸುವ ಸುರುಳಿಗೆ 230 ವೋಲ್ಟ್ ಕೊಟ್ಟರೆ ಶಕ್ತಿ ಎರಡು ಪಟ್ಟಲ್ಲ, ಮೂರೂವರೆ ಪಟ್ಟಿಗೂ ಹೆಚ್ಚಾಗಿ, ಸುರುಳಿ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸುರುಳಿ ಉಳಿಯುತ್ತದೆ, ಆದರೆ ಟ್ರಾನ್ಸ್‌ಫಾರ್ಮರ್ ಹರ್ಟ್ಜ್ ಅನ್ನು ಬದಲಿಸುವುದಿಲ್ಲ. 60 ಹರ್ಟ್ಜಿಗೆಂದು ಮಾಡಿದ ಇಂಡಕ್ಷನ್ ಮೋಟರ್ 50ರಲ್ಲಿ ಸುಮಾರು ಆರನೇ ಒಂದು ಭಾಗ ನಿಧಾನವಾಗಿ ತಿರುಗುತ್ತದೆ, ಬಿಸಿಯೂ ಹೆಚ್ಚಾಗುತ್ತದೆ. ಆದ್ದರಿಂದ ಮೋಟರ್ ಇರುವ ಯಂತ್ರದಲ್ಲಿ 220–240 ವೋಲ್ಟ್, 50 ಹರ್ಟ್ಜಿನ ಮಾದರಿಯನ್ನೇ ಕೇಳಬೇಕು. ಅದು ಸಿಗದಿದ್ದರೆ ಬಿಡಬೇಕು.

ಫೋನ್ ತರಿಸುವವರು ಬ್ಯಾಂಡ್‌ಗಳನ್ನು, ಅಂದರೆ ಫೋನ್ ಬಳಸುವ ಆವರ್ತನ ಪಟ್ಟಿಗಳನ್ನು, ನೋಡಬೇಕು. ಬೇರೆ ದೇಶಕ್ಕೆಂದು ಮಾಡಿದ ಮಾದರಿಯಲ್ಲಿ ನಮ್ಮ ಬ್ಯಾಂಡ್‌ಗಳು ಇಲ್ಲದಿರಬಹುದು. ಬಿಎಸ್‌ಎನ್‌ಎಲ್ ಸಿಮ್ ಮೇಲೆ ನಿಂತಿರುವ ತೋಟದ ಮನೆಯವರು 700 ಮೆಗಾಹರ್ಟ್ಜಿನ ಬ್ಯಾಂಡ್ 28 ಇದೆಯೇ ಎಂದು ಖಚಿತಪಡಿಸಿಕೊಳ್ಳಲಿ, ಏಕೆಂದರೆ ಗುಡ್ಡ-ಮರಗಳನ್ನು ದಾಟಿ ದೂರಕ್ಕೆ ತಲುಪುವುದು ಇಂಥ ಕೆಳಗಿನ ಆವರ್ತನವೇ. ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ 14ನೇ ಸರಣಿಯಿಂದ ಸಿಮ್ ಹಾಕುವ ಕಿಂಡಿಯೇ ಇಲ್ಲ. ಪೇಟೆಯಲ್ಲಿ ಇ-ಸಿಮ್‌ನಿಂದ ಅಡ್ಡಿಯಾಗದು. ಆದರೆ ಫೋನ್ ಕೆಟ್ಟ ದಿನ ಸಿಮ್ ತೆಗೆದು ಹಳೆಯ ಫೋನಿಗೆ ಹಾಕುವ ನಮ್ಮ ಅಭ್ಯಾಸ ಅಲ್ಲಿಗೆ ಮುಗಿಯುತ್ತದೆ.

ವಾರಂಟಿ ಹೆಚ್ಚಿನ ಸಲ ಮಾರಿದ ದೇಶಕ್ಕಷ್ಟೇ ಸೀಮಿತವೆಂದು ಎಣಿಸಿಯೇ ಕೊಳ್ಳಬೇಕು. ಅಳತೆಯ ಉಪಕರಣವಾದರೆ ಇನ್ನೊಂದು ಪ್ರಶ್ನೆಯಿದೆ: ಗೋಧಿ, ಜೋಳಕ್ಕೆ ಹೊಂದಿಸಿದ ತೇವಾಂಶದ ಮೀಟರ್ ಕಾಫಿಗೆ ಸರಿಯಾದ ಅಂಕಿ ಕೊಡುವುದಿಲ್ಲ. ಮೀಟರಿನ ಬೆಳೆಗಳ ಪಟ್ಟಿಯಲ್ಲಿ ಕಾಫಿ ಇದೆಯೇ, ಇದ್ದರೆ ಹಸಿರು ಬೀಜಕ್ಕೋ ಪಾರ್ಚ್‌ಮೆಂಟಿಗೋ (ಹಣ್ಣಿನ ಸಿಪ್ಪೆ ತೆಗೆದು ಒಳಹೊಟ್ಟಿನ ಸಮೇತ ಒಣಗಿಸಿದ ಬೀಜ) ಚೆರ್ರಿಗೋ ಎಂದು ಕೇಳಿ. ಶೇ. 10–11ರ ಆಸುಪಾಸಿನಲ್ಲೇ ನಮ್ಮ ವ್ಯವಹಾರವೆಲ್ಲ ನಡೆಯುವುದರಿಂದ ಅರ್ಧ ಅಂಶದ ತಪ್ಪೂ ಚೀಲದ ಲೆಕ್ಕದಲ್ಲಿ ಕಾಣುತ್ತದೆ.

ಮೂರನೆಯ ಹೆಜ್ಜೆ: ಕೈಗೆ ಬರುವ ಬೆಲೆಯನ್ನು ಲೆಕ್ಕ ಹಾಕುವುದು

ಸುಂಕವನ್ನು ವಸ್ತುವಿನ ಬೆಲೆಯ ಮೇಲಷ್ಟೇ ಹಾಕುವುದಿಲ್ಲ. ಬೆಲೆ, ಸಾಗಣೆ ವೆಚ್ಚ, ವಿಮೆ ಮೂರೂ ಸೇರಿದ ಮೊತ್ತದ ಮೇಲೆ ಹಾಕುತ್ತಾರೆ. ಮೊದಲು ಮೂಲ ಸುಂಕ, ಆ ಸುಂಕದ ಮೇಲೆ ಶೇ. 10ರ ಸಮಾಜ ಕಲ್ಯಾಣ ಮೇಲ್ತೆರಿಗೆ, ಆಮೇಲೆ ಇವೆಲ್ಲವೂ ಕೂಡಿದ ಮೊತ್ತದ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೂ ಬೀಳುವ ಜಿಎಸ್‌ಟಿ. ವೈಯಕ್ತಿಕ ಬಳಕೆಗೆ ಅಂಚೆ ಅಥವಾ ಕೊರಿಯರ್‌ನಲ್ಲಿ ಬರುವ ವಸ್ತುಗಳನ್ನು ಸಾಮಾನ್ಯವಾಗಿ ಸುಂಕ ಪಟ್ಟಿಯ 9804 ಎಂಬ ಒಂದೇ ಶೀರ್ಷಿಕೆಯಡಿ ತರುತ್ತಾರೆ. ಅಂಗಡಿಯವರು ಕಂಟೇನರಿನಲ್ಲಿ ತರಿಸಿದ ಅದೇ ಮೀಟರಿಗೆ ಬೇರೆ ದರ ಬೀಳುವುದು ಇದರಿಂದಲೇ.

ಲೆಕ್ಕದ ವಿಧಾನವನ್ನು ಒಮ್ಮೆ ಕೈಯಲ್ಲಿ ಮಾಡಿ ನೋಡೋಣ. ವಸ್ತು 10,000 ರೂಪಾಯಿ, ಸಾಗಣೆ 1,500, ವಿಮೆ 100, ಒಟ್ಟು 11,600. ಮೂಲ ಸುಂಕ ಶೇ. 20 ಮತ್ತು ಐಜಿಎಸ್‌ಟಿ ಶೇ. 18 ಎಂದು ಇಟ್ಟುಕೊಂಡರೆ, ಮೂಲ ಸುಂಕ 2,320, ಅದರ ಮೇಲಿನ ಮೇಲ್ತೆರಿಗೆ 232. ಈಗ ಮೊತ್ತ 14,152. ಇದರ ಶೇ. 18 ಎಂದರೆ 2,547. ಹೀಗೆ ಸುಂಕವೇ 5,099 ರೂಪಾಯಿಯಾಗಿ, ಹತ್ತು ಸಾವಿರದ ವಸ್ತು 16,699ಕ್ಕೆ ಬಂದು ನಿಲ್ಲುತ್ತದೆ. ದರಗಳು ಬಜೆಟ್ಟಿನಲ್ಲಿ ಬದಲಾಗುತ್ತಿರುತ್ತವೆ. ಮೂಲ ಸುಂಕ ಶೇ. 35, ಐಜಿಎಸ್‌ಟಿ ಶೇ. 28 ಇದ್ದ ದಿನಗಳಲ್ಲಿ ಇದೇ ಲೆಕ್ಕ ಒಟ್ಟು ಶೇ. 77.28ಕ್ಕೆ ಹೋಗುತ್ತಿತ್ತು. ಆರ್ಡರ್ ಮಾಡುವ ದಿನದ ದರವನ್ನು ಕಸ್ಟಮ್ಸ್ ಇಲಾಖೆಯ ತಾಣದಲ್ಲಿ ನೋಡಿ ಮೇಲಿನ ಅಂಕಿಗಳ ಜಾಗದಲ್ಲಿ ಇಟ್ಟರಾಯಿತು. ಇದರ ಮೇಲೆ ಕೊರಿಯರ್ ಕಂಪನಿಯು ನಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ತನ್ನ ಶುಲ್ಕವನ್ನೂ ಸೇರಿಸುತ್ತದೆ. ಅಗ್ಗದ ವಸ್ತುವಿನಲ್ಲಿ ಈ ಶುಲ್ಕವೇ ಭಾರ.

‘ಗಿಫ್ಟ್ ಎಂದು ಬರೆಸಿ, ಸುಂಕ ಬೀಳುವುದಿಲ್ಲ’ ಎಂಬ ಮಾತು ಇನ್ನೂ ಚಲಾವಣೆಯಲ್ಲಿದೆ. ಐದು ಸಾವಿರ ರೂಪಾಯಿವರೆಗಿನ ಉಡುಗೊರೆಗೆ ಇದ್ದ ಆ ರಿಯಾಯಿತಿಯನ್ನು 2019ರ ಡಿಸೆಂಬರಿನಲ್ಲೇ ತೆಗೆದುಹಾಕಲಾಗಿದ್ದು, ರಾಖಿ ಮತ್ತು ಜೀವರಕ್ಷಕ ಔಷಧಿಗಳಿಗೆ ಮಾತ್ರ ವಿನಾಯಿತಿ ಉಳಿದಿದೆ. ಬಿಲ್ಲಿನಲ್ಲಿ ಬೆಲೆ ಕಡಿಮೆ ಬರೆದು ಕಳುಹಿಸುತ್ತೇವೆ ಎನ್ನುವ ಮಾರಾಟಗಾರರೂ ಸಿಗುತ್ತಾರೆ. ಕಸ್ಟಮ್ಸ್ ಅಧಿಕಾರಿಯು ಅದೇ ವಸ್ತುವಿನ ಬೆಲೆಯನ್ನು ಇಂಟರ್‌ನೆಟ್ಟಿನಲ್ಲಿ ನೋಡಲು ಎರಡು ನಿಮಿಷ ಸಾಕು. ಆಮೇಲೆ 1962ರ ಕಸ್ಟಮ್ಸ್ ಕಾಯ್ದೆಯಡಿ ಮುಟ್ಟುಗೋಲು, ದಂಡ ಎರಡಕ್ಕೂ ಅವಕಾಶವಿದೆ. ದಾರಿಯಲ್ಲಿ ವಸ್ತು ಕಳೆದರೆ ವಿಮೆಯೂ ಬರೆದ ಸುಳ್ಳು ಬೆಲೆಗಷ್ಟೇ ಸಿಗುತ್ತದೆ.

ಸಾಗಣೆಯ ಆಯ್ಕೆಗಳಲ್ಲಿ ಡಿಡಿಪಿ, ಡಿಎಪಿ ಎಂಬ ಎರಡು ಪದಗಳು ಎದುರಾಗುತ್ತವೆ. ಡಿಡಿಪಿ ಎಂದರೆ ಸುಂಕವನ್ನು ಮಾರಾಟಗಾರರೇ ಮೊದಲೇ ವಸೂಲು ಮಾಡಿ ಕಟ್ಟುತ್ತಾರೆ; ಡಿಎಪಿ ಎಂದರೆ ಸುಂಕ ನಮ್ಮ ಪಾಲಿಗೆ. ಪೊಟ್ಟಣದ ದಿನ ಯಾರು ಮನೆಯಲ್ಲಿರುತ್ತಾರೋ, ಅವರ ಕೈಯಲ್ಲಿ ಹಣ ಇರುತ್ತದೋ ಇಲ್ಲವೋ ಎಂಬ ತೋಟದ ಮನೆಯ ಪರಿಸ್ಥಿತಿಯಲ್ಲಿ ಡಿಡಿಪಿಗೆ ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಹೋಂಸ್ಟೇಗೆಂದು ಹತ್ತು ರೂಟರ್ ತರಿಸುವುದು ವೈಯಕ್ತಿಕ ಬಳಕೆಯಲ್ಲ. ಅದಕ್ಕೆ ಆಮದು-ರಫ್ತು ಸಂಕೇತ ಸಂಖ್ಯೆ, ಜಿಎಸ್‌ಟಿ ನೋಂದಣಿ ಬೇಕು. ಆ ದಾರಿಯೇ ಬೇರೆ.

ನಾಲ್ಕನೆಯ ಹೆಜ್ಜೆ: ವಿಳಾಸ ಬರೆಯುವುದು

ಇದನ್ನು ಒಂದು ಹೆಜ್ಜೆಯೆಂದು ಬೇರೆಡೆ ಯಾರೂ ಎಣಿಸಲಿಕ್ಕಿಲ್ಲ. ಆದರೆ ಸಿಂಗಪುರದಿಂದ ಬೆಂಗಳೂರಿಗೆ ಎರಡು ದಿನದಲ್ಲಿ ಬಂದ ಪೊಟ್ಟಣ ಬೆಂಗಳೂರಿನಿಂದ ನಮ್ಮ ಗೇಟಿಗೆ ಹನ್ನೊಂದು ದಿನ ತೆಗೆದುಕೊಂಡದ್ದನ್ನು ನೋಡಿದ ಮೇಲೆ ನಾನು ಇದಕ್ಕೆ ಅತಿ ಹೆಚ್ಚು ಗಮನ ಕೊಡುತ್ತೇನೆ.

ವಿಂಗಡಿಸುವ ಯಂತ್ರ ಓದುವುದು ಪಿನ್‌ಕೋಡನ್ನು. ವಿಂಗಡಿಸುವ ಮನುಷ್ಯ ಓದುವುದು ಊರಿನ ಹೆಸರನ್ನು. ಎರಡೂ ಒಂದನ್ನೊಂದು ಬೆಂಬಲಿಸಬೇಕು. ನಮ್ಮ ಸಿದ್ದಾಪುರ 571253. ಉತ್ತರ ಕನ್ನಡದ ಸಿದ್ದಾಪುರ 581355. ಉಡುಪಿ ಜಿಲ್ಲೆಯಲ್ಲಿ ಇನ್ನೊಂದಿದೆ. ಮೊದಲ ಸಲ ಪಿನ್‌ಕೋಡ್ ಸರಿಯಾಗಿಯೇ ಬರೆದಿದ್ದೆ, ಆದರೆ ಜಿಲ್ಲೆಯ ಹೆಸರು ಬಿಟ್ಟಿದ್ದೆ. ಎಲ್ಲೋ ಒಂದು ಕಡೆ ಯಾರೋ ಪಿನ್‌ಕೋಡ್ ನೋಡದೆ ಊರು ನೋಡಿದರು. ಈಗ ಊರಿನ ಜೊತೆಗೇ ‘ಸೌತ್ ಕೊಡಗು’ ಎಂದು ಬರೆದು, ಜಿಲ್ಲೆಯ ಜಾಗದಲ್ಲಿ ಮತ್ತೊಮ್ಮೆ ಕೊಡಗು ಎಂದು ಬರೆಯುತ್ತೇನೆ. ಕೆಲವು ತಾಣಗಳ ಪಟ್ಟಿಯಲ್ಲಿ ಕೊಡಗು ಇರುವುದಿಲ್ಲ, ಕೂರ್ಗ್ ಇರುತ್ತದೆ. ಮತ್ತೆ ಕೆಲವದರಲ್ಲಿ ಎರಡೂ ಇಲ್ಲದೆ ಮೈಸೂರನ್ನು ಆರಿಸಬೇಕಾಗುತ್ತದೆ. ಆಗ ಕೊಡಗನ್ನು ವಿಳಾಸದ ಎರಡನೆಯ ಸಾಲಿನಲ್ಲಿ ಸೇರಿಸಿ. ಪೊನ್ನಂಪೇಟೆ, ಕುಶಾಲನಗರಗಳು ತಾಲ್ಲೂಕುಗಳಾದ ಮೇಲೆ ಆಧಾರಿನಲ್ಲಿ ಹಳೆಯ ತಾಲ್ಲೂಕೂ ಬಾಯಲ್ಲಿ ಹೊಸದೂ ಇರುವವರು ಆಧಾರಿನಲ್ಲಿರುವುದನ್ನೇ ಬರೆಯಲಿ. ಕಾರಣ ಮುಂದೆ ಬರುತ್ತದೆ.

ಹೆಸರಿನದ್ದು ಇನ್ನೊಂದು ತೊಡಕು. ಕೊಡವರಲ್ಲಿ ಮನೆಪೆದ (ಮನೆತನದ ಹೆಸರು) ಮೊದಲು, ತಂದೆಯ ಹೆಸರಿನ ಅಕ್ಷರ ನಡುವೆ, ಸ್ವಂತ ಹೆಸರು ಕೊನೆಗೆ. ವಿದೇಶಿ ತಾಣವು ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಚೌಕ ಕೊಟ್ಟಾಗ ಅನೇಕರು ಅವನ್ನು ಅದಲುಬದಲು ಮಾಡಿ ತುಂಬುತ್ತಾರೆ ಅಥವಾ ಮನೆಪೆದವನ್ನೇ ಬಿಡುತ್ತಾರೆ. ಕಾಗದದಲ್ಲಿ ಹೇಗಿದೆಯೋ ಅದೇ ಕ್ರಮದಲ್ಲಿ, ಅದೇ ಕಾಗುಣಿತದಲ್ಲಿ ಬರೆಯುವುದೊಂದೇ ಸುರಕ್ಷಿತ.

ತೋಟದ ಗೇಟು ಮುಖ್ಯರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿದ್ದರೆ ಕೊರಿಯರ್ ಹುಡುಗ ಒಳಗೆ ಬರುತ್ತಾನೆಂದು ನಂಬಬೇಡಿ. ಆನೆ ಓಡಾಡುವ ದಾರಿಯಲ್ಲಿ ಸಂಜೆ ಐದರ ಮೇಲೆ ಬಾ ಎಂದು ಕರೆಯುವುದೂ ನ್ಯಾಯವಲ್ಲ. ಪೇಟೆಯ ಪರಿಚಿತ ಅಂಗಡಿ ಅಥವಾ ಮಿಲ್ಲಿನ ವಿಳಾಸಕ್ಕೆ, ಅವರನ್ನು ಕೇಳಿಕೊಂಡು, ನಿಮ್ಮ ಹೆಸರಿನಲ್ಲೇ ತರಿಸಬಹುದು. ಅದಕ್ಕೆ ವಿಳಾಸದ ಹೆಚ್ಚುವರಿ ಪುರಾವೆ ಕೇಳುವ ಸಂಭವವಿದೆ. ಅಂಚೆಯ ಮೂಲಕ ಬರುವ ಪೊಟ್ಟಣಕ್ಕೆ ಈ ತಲೆಬಿಸಿ ಕಡಿಮೆ. ನಿಧಾನವಾದರೂ ನಮ್ಮ ಅಂಚೆಯಣ್ಣನಿಗೆ ತೋಟದ ಕಾರ್ಮಿಕರ ಪ್ರತಿ ಲೈನ್ ಮನೆಯೂ ಗೊತ್ತು, ಸುಂಕವನ್ನೂ ಅವರೇ ವಸೂಲು ಮಾಡಿ ರಸೀದಿ ಕೊಡುತ್ತಾರೆ.

ಐದನೆಯ ಹೆಜ್ಜೆ: ಹಣ ಪಾವತಿ

ರಿಸರ್ವ್ ಬ್ಯಾಂಕಿನ 2020ರ ನಿರ್ದೇಶನದ ನಂತರ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರವನ್ನು ಗ್ರಾಹಕರೇ ಆನ್ ಮಾಡಿಕೊಳ್ಳಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಆನ್ ಮಾಡಿ, ಬೇಕಾದಷ್ಟೇ ಮಿತಿ ಇಟ್ಟು, ಖರೀದಿ ಮುಗಿದ ಕೂಡಲೇ ಆಫ್ ಮಾಡಿಬಿಡಿ; ಹೊರಗಿನ ಹಲವು ತಾಣಗಳು ಓಟಿಪಿ ಕೇಳದೆಯೇ ಹಣ ತೆಗೆದುಕೊಳ್ಳಬಲ್ಲವು. ಓಟಿಪಿ ಬೇಕಾಗುವ ಕಡೆ ಬೇರೆಯದೇ ಫಜೀತಿ. ನಮ್ಮಲ್ಲಿ ವೈಫೈ ಇರುವುದು ಮನೆಯೊಳಗೆ, ಎಸ್‌ಎಂಎಸ್ ಬರುವುದು ಗುಡ್ಡೆಯ ಮೇಲಿನ ಕಿತ್ತಳೆ ಮರದ ಬಳಿ. ಒಬ್ಬರು ಮೇಲೆ ನಿಂತು ಅಂಕಿ ಕೂಗಿ, ಇನ್ನೊಬ್ಬರು ಕೆಳಗೆ ಒತ್ತಿದ್ದೂ ಇದೆ.

ತಾಣವು ‘ರೂಪಾಯಿಯಲ್ಲಿ ಪಾವತಿಸುವಿರಾ, ಡಾಲರಿನಲ್ಲೋ’ ಎಂದು ಕೇಳಿದರೆ ಮಾರಾಟಗಾರರ ಕರೆನ್ಸಿಯನ್ನೇ ಆರಿಸಿ. ರೂಪಾಯಿ ಆರಿಸಿದರೆ ವಿನಿಮಯ ದರವನ್ನು ಅವರೇ ನಿಗದಿ ಮಾಡುತ್ತಾರೆ, ಅದು ಹೆಚ್ಚಾಗಿ ದುಬಾರಿ. ನಮ್ಮ ಬ್ಯಾಂಕೂ ವಿದೇಶಿ ವಿನಿಮಯ ಶುಲ್ಕವನ್ನೂ ಅದರ ಮೇಲೆ ಜಿಎಸ್‌ಟಿಯನ್ನೂ ಹಾಕುತ್ತದೆ. ಡೆಬಿಟ್ ಕಾರ್ಡಿಗಿಂತ ಕ್ರೆಡಿಟ್ ಕಾರ್ಡ್ ಮೇಲು: ವಸ್ತು ಬಾರದಿದ್ದರೆ ಬ್ಯಾಂಕಿನ ಮೂಲಕ ಹಣ ಹಿಂಪಡೆಯುವ ತಕರಾರು ಹೂಡುವಾಗ ಹೋದದ್ದು ನಮ್ಮ ಖಾತೆಯ ಹಣವಾಗಿರುವುದಿಲ್ಲ.

ತರಿಸುವ ಕಾಲದ ಬಗ್ಗೆ ಒಂದು ಮಾತು. ಕಕ್ಕಡ ಮಾಸದಲ್ಲಿ, ಅಂದರೆ ಜುಲೈ–ಆಗಸ್ಟಿನ ಜೋರು ಮಳೆಯ ತಿಂಗಳಲ್ಲಿ, ಏನನ್ನೂ ತರಿಸಬೇಡಿ. ಜಿಲ್ಲೆಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ಎಲ್ಲವೂ ರಸ್ತೆಯ ಮೇಲೇ ಬರಬೇಕು, ಮತ್ತು 2018ರ ಆಗಸ್ಟಿನಲ್ಲಿ ಮಡಿಕೇರಿ–ಸಂಪಾಜೆ ರಸ್ತೆಗೆ ಏನಾಯಿತೆಂದು ನಾವು ಕಂಡವರು. ಕೊಯ್ಲಿಗೆ ಬೇಕಾದ ಮೀಟರನ್ನು ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದ ಹೊತ್ತಿಗೂ, ಮಳೆಮಾಪಕವನ್ನು ಕಾಫಿ ಹೂವರಳಿಸುವ ಬೇಸಿಗೆಯ ಹೂಮಳೆಗೆ ಮೊದಲೂ ಆರ್ಡರ್ ಮಾಡಿದರೆ ಸಮಯಕ್ಕೆ ಕೈಸೇರುತ್ತದೆ. ಚೀನಾದಿಂದ ತರಿಸುವವರು ಅಲ್ಲಿನ ಹೊಸವರ್ಷದ ರಜೆಯನ್ನು, ಅಂದರೆ ಜನವರಿ ಕೊನೆಯಿಂದ ಫೆಬ್ರುವರಿ ನಡುವಿನ ಒಂದೆರಡು ವಾರಗಳನ್ನು, ಲೆಕ್ಕಕ್ಕೆ ಹಿಡಿಯಬೇಕು.

ಆರನೆಯ ಹೆಜ್ಜೆ: ಪೊಟ್ಟಣ ದಾರಿಯಲ್ಲಿರುವಾಗ

ಅಂಚೆಯ ಟ್ರ್ಯಾಕಿಂಗ್ ಸಂಖ್ಯೆಯಲ್ಲಿ ಹದಿಮೂರು ಅಕ್ಷರ-ಅಂಕಿಗಳಿದ್ದು, ಎರಡು ಅಕ್ಷರ, ಒಂಬತ್ತು ಅಂಕಿ, ಮತ್ತೆ ಎರಡು ಅಕ್ಷರ ಎಂಬ ವಿನ್ಯಾಸವಿರುತ್ತದೆ. ಕೊನೆಯ ಎರಡು ಅಕ್ಷರ ಹೊರಟ ದೇಶದ ಗುರುತು. ಭಾರತ ತಲುಪಿದ ಮೇಲೆ ಇದೇ ಸಂಖ್ಯೆ ಭಾರತೀಯ ಅಂಚೆಯ ತಾಣದಲ್ಲೂ ನಡೆಯುತ್ತದೆ.

ಕೊರಿಯರ್ ಆದರೆ ಕಸ್ಟಮ್ಸ್ ಹಂತದಲ್ಲಿ ಕೆವೈಸಿ, ಅಂದರೆ ಗುರುತಿನ ದಾಖಲೆ, ಕೇಳುತ್ತಾರೆ: ಆಧಾರ್, ಪಾಸ್‌ಪೋರ್ಟ್, ಮತದಾರರ ಚೀಟಿ, ಪಾನ್ ಇವುಗಳಲ್ಲಿ ಅವರು ಹೇಳಿದ್ದು. ಪೊಟ್ಟಣದ ಮೇಲಿನ ಹೆಸರೂ ವಿಳಾಸವೂ ಕಾಗದಕ್ಕೆ ಹೊಂದಬೇಕು; ಮೇಲೆ ಆಧಾರಿನಂತೆಯೇ ಬರೆಯಿರಿ ಎಂದದ್ದು ಇದಕ್ಕಾಗಿ. ಜುಲೈ ತಿಂಗಳ ಒಂದು ಸಲ ಮರ ಬಿದ್ದು ನಮಗೆ ನಾಲ್ಕು ದಿನ ಕರೆಂಟೂ ಇರಲಿಲ್ಲ, ಸಿಗ್ನಲ್ಲೂ ಇರಲಿಲ್ಲ. ಕೆವೈಸಿ ಕೇಳಿದ ಸಂದೇಶ ಮೊದಲ ದಿನವೇ ಬಂದಿತ್ತು. ನಾನು ನೋಡಿದ್ದು ಐದನೆಯ ದಿನ, ಗೋದಾಮಿನ ಬಾಡಿಗೆಯ ಜೊತೆಗೆ. ಈಗ ಆರ್ಡರ್ ಮಾಡಿದ ದಿನವೇ ಕೊರಿಯರ್ ಕಂಪನಿಯ ತಾಣಕ್ಕೆ ನಾನೇ ಹೋಗಿ, ಅಲ್ಲಿ ಅವಕಾಶವಿದ್ದರೆ ಕಾಗದಗಳನ್ನು ಮುಂಚಿತವಾಗಿ ಏರಿಸಿ, ಸಂಪರ್ಕಕ್ಕೆ ಮೈಸೂರಿನಲ್ಲಿರುವ ಮಗಳ ನಂಬರನ್ನೂ ಕೊಟ್ಟಿಡುತ್ತೇನೆ.

‘ನಿಮ್ಮ ಪೊಟ್ಟಣ ಕಸ್ಟಮ್ಸ್‌ನಲ್ಲಿ ತಡೆಹಿಡಿಯಲ್ಪಟ್ಟಿದೆ, ಈ ಲಿಂಕ್ ಒತ್ತಿ 49 ರೂಪಾಯಿ ಕಟ್ಟಿ’ ಎಂಬ ಬಗೆಯ ಸಂದೇಶ ಬಂದರೆ ಒತ್ತಬೇಡಿ. ಟ್ರ್ಯಾಕಿಂಗ್ ಸಂಖ್ಯೆಯನ್ನು ಕೊರಿಯರ್‌ನವರ ತಾಣದಲ್ಲಿ ನೀವೇ ಹಾಕಿ ನೋಡಿ. ಸುಂಕ ಬಾಕಿಯಿದ್ದರೆ ಅಲ್ಲೇ ಕಾಣುತ್ತದೆ. ಪೊಟ್ಟಣದಲ್ಲಿ ಮಾದಕ ವಸ್ತು ಸಿಕ್ಕಿದೆಯೆಂದು ವಿಡಿಯೋ ಕರೆಯಲ್ಲಿ ಬೆದರಿಸುವವರು ಅಧಿಕಾರಿಗಳಲ್ಲ. ‘ಡಿಜಿಟಲ್ ಬಂಧನ’ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಕಸ್ಟಮ್ಸ್ ಕಳುಹಿಸುವ ಪತ್ರದಲ್ಲಿ ಡಿಐಎನ್ ಎಂಬ ದಾಖಲೆ ಗುರುತಿನ ಸಂಖ್ಯೆಯಿರುತ್ತದೆ, ಅದು ನಿಜವೋ ಸುಳ್ಳೋ ಎಂದು ಇಲಾಖೆಯ ತಾಣದಲ್ಲಿ ಪರಿಶೀಲಿಸಬಹುದು. ಹಣ ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಬೇಕು.

ಏಳನೆಯ ಹೆಜ್ಜೆ: ಪೊಟ್ಟಣ ಕೈಗೆ ಬಂದಾಗ

ಸಹಿ ಹಾಕುವ ಮೊದಲು ಪೆಟ್ಟಿಗೆಯ ಆರೂ ಮುಖ ನೋಡಿ. ಒದ್ದೆಯಾಗಿದ್ದರೆ, ಮೂಲೆ ಜಜ್ಜಿದ್ದರೆ ಕೊರಿಯರ್‌ನವನ ಎದುರಿನಲ್ಲೇ ಫೋಟೋ ತೆಗೆದು, ರಸೀದಿಯಲ್ಲಿ ಬರೆದು ಸಹಿ ಹಾಕಿ. ತೆರೆಯುವುದನ್ನು ಒಂದೇ ಓಟದ ವಿಡಿಯೋ ಮಾಡಿ: ಮೊದಲು ವಿಳಾಸದ ಚೀಟಿ, ಆಮೇಲೆ ಅಂಟುಪಟ್ಟಿ, ಒಳಗಿನ ವಸ್ತುವಿನ ಕ್ರಮಸಂಖ್ಯೆ. ವಿಡಿಯೋವನ್ನು ನಡುವೆ ನಿಲ್ಲಿಸಿದರೆ ಮಾರಾಟಗಾರರು ಅದನ್ನು ಒಪ್ಪದಿರಬಹುದು.

ಮಳೆಗಾಲದಲ್ಲಿ ಬಂದ ವಸ್ತುವಿಗೆ ಕೂಡಲೇ ವಿದ್ಯುತ್ ಕೊಡಬೇಡಿ. ತಂಪಾದ ಪೆಟ್ಟಿಗೆಯಿಂದ ತೇವ ತುಂಬಿದ ಗಾಳಿಗೆ ಬಂದ ಲೋಹದ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂರುತ್ತದೆ. ಒಂದು ರಾತ್ರಿ ಪೆಟ್ಟಿಗೆಯಲ್ಲೇ ಬಿಟ್ಟು ಮರುದಿನ ತೆರೆದರೆ ಸಾಕು. ಜೊತೆಗೆ ಬಂದ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ, ಬಳಸದಿರುವಾಗ ಉಪಕರಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಡಿ. ಏಪ್ರಿಲ್–ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡುವುದು, ರೂಟರಿಗೆ ತಾಮ್ರದ ತಂತಿಯಿಂದ ಸಂಪರ್ಕವಿದ್ದರೆ ಅದನ್ನೂ ಕಿತ್ತಿಡುವುದು, ಯಾವ ಸರ್ಜ್ ಪ್ರೊಟೆಕ್ಟರಿಗಿಂತಲೂ ಒಳ್ಳೆಯ ರಕ್ಷಣೆ.

ಕೆಟ್ಟ ವಸ್ತು ಬಂದರೆ ಮೊದಲು ಕೇಳಬೇಕಾದುದು ಬದಲಿ ವಸ್ತುವನ್ನಲ್ಲ, ಹಣವನ್ನು ಅಥವಾ ಬಿಡಿಭಾಗವನ್ನು. ಬದಲಿ ವಸ್ತು ಬಂದರೆ ಅದಕ್ಕೆ ಮತ್ತೆ ಸುಂಕ ಬೀಳುತ್ತದೆ. ಹಿಂದಕ್ಕೆ ಕಳುಹಿಸಿದ ವಸ್ತುವಿನ ಸುಂಕ ಮರಳಿ ಪಡೆಯಲು ಕಸ್ಟಮ್ಸ್ ಕಾಯ್ದೆಯ 74ನೇ ಸೆಕ್ಷನ್ನಿನಲ್ಲಿ ದಾರಿಯಿದೆ, ಬಳಸದೆ ಮರುರಫ್ತು ಮಾಡಿದರೆ ಕಟ್ಟಿದ ಸುಂಕದ ಶೇ. 98ರವರೆಗೆ ಸಿಗುತ್ತದೆ, ಆದರೆ ಬಂದ ವಸ್ತು ಅದೇ ಎಂದು ಗುರುತಿಸುವ ದಾಖಲೆ, ಸುಂಕದ ರಸೀದಿ, ಆಮದಿನ ಕಾಗದ ಎಲ್ಲವೂ ಬೇಕು. ಐದಾರು ಸಾವಿರದ ವಸ್ತುವಿಗೆ ಆ ಓಡಾಟ ಗಿಟ್ಟುವುದಿಲ್ಲ, ಅರವತ್ತು ಸಾವಿರದ ರೋಸ್ಟರಿಗೆ ಗಿಟ್ಟಬಹುದು. ಎರಡಕ್ಕೂ ಸೇರಿಸಿ ಹೇಳುವುದಾದರೆ, ಪೆಟ್ಟಿಗೆಯನ್ನು ಒಲೆಗೆ ಹಾಕುವ ಮೊದಲು ಅದರ ಮೇಲಿನ ಪ್ಲಾಸ್ಟಿಕ್ ಚೀಲದೊಳಗಿನ ಕಾಗದಗಳನ್ನು ತೆಗೆದಿಡಿ. ನಮ್ಮ ಮನೆಯಲ್ಲಿ ಒಮ್ಮೆ ಬೆಳಗಿನ ನೀರು ಕಾಯಿಸಿದ್ದು ಅವುಗಳಿಂದಲೇ.